ಎರಡು ಸೀಟಿನ ಗಾಡಿ

ಗುಡ್ಡಪ್ಪನ ತಲೆಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಪೂರ್ತಿ ಏರಿದ್ದಕ್ಕೆ ಕಾರಣ ಒಂದು ಉಪ್ಪಿನಕಾಯಿ ಭರಣಿ.

ಮೂಡಲಗಿ ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡುವ ಗುಡ್ಡಪ್ಪನ ಬಳಿ ಏಳು ಸೀಟಿನ ದೊಡ್ಡ ಗಾಡಿಯೊಂದಿತ್ತು. ಹೆಸರಿಗೆ ಅವನದು, ನಡೆಯುತ್ತಿದ್ದುದು ಓಣಿಯ ಹುಕುಮಿನಂತೆ. ದಡ್ಡಿಯಲ್ಲಿ ಮದುವೆಯಿರಲಿ, ಗೋಕಾಕದಲ್ಲಿ ಹಲ್ಲು ಕೀಳಿಸುವುದಿರಲಿ, ಮೇಲವಂಕಿಯಲ್ಲಿ ಯಾರದೋ ಕೂಸಿಗೆ ಹೆಸರಿಡುವುದಿರಲಿ, ಜನ ನೆಟ್ಟಗೆ ಗುಡ್ಡಪ್ಪನ ಕಟ್ಟೆಗೆ ಬಂದು "ಹೆಂಗೂ ನೀ ಹೊಂಟೀಯಲ್ಲ" ಎನ್ನುತ್ತಿದ್ದರು. ಅವನು ಎಲ್ಲಿಗೂ ಹೊರಟಿರುತ್ತಿರಲಿಲ್ಲ. ಅವರು ಹಾಗೆಂದ ಮೇಲೆ ಹೊರಡುತ್ತಿದ್ದ.

ಆ ದಿನ ಮಾತ್ರ ಅವನು ನಿಜವಾಗಿಯೂ ಹೊರಟಿದ್ದ. ಮದುವೆಯಾದಾಗಿನಿಂದ ಅವನೂ ಹೆಂಡತಿ ಸುಜಾತಾಳೂ ಇಬ್ಬರೇ ಎಲ್ಲಿಗೂ ಹೋದವರಲ್ಲ. ಹಿಂದಿನ ಸೀಟಿನಲ್ಲಿ ಯಾರಾದರೊಬ್ಬರು ಕುಳಿತು, ಕುತ್ತಿಗೆ ಮುಂದೆ ಚಾಚಿ, ಗಂಡಹೆಂಡಿರ ಮಾತಿನಲ್ಲಿ ತಮ್ಮ ಅಭಿಪ್ರಾಯ ಸೇರಿಸುತ್ತಿದ್ದರು. ಇವತ್ತು ಮದುವೆಯ ವಾರ್ಷಿಕೋತ್ಸವ. ಯಾರಿಗೂ ಸುಳಿವು ಕೊಡದೆ ಇಬ್ಬರೇ ಗೋಕಾಕ ಫಾಲ್ಸಿಗೆ ಹೋಗಿಬಿಡುವುದೆಂದು ನಿಶ್ಚಯವಾಗಿತ್ತು. ಸುಜಾತಾ ಹೊಸ ಇಳಕಲ್ ಸೀರೆ ಉಟ್ಟು ಬಂದು, ಮುಂದಿನ ಸೀಟಿನಲ್ಲಿ ಕುಳಿತು, ಕುಳಿತಷ್ಟೇ ವೇಗದಲ್ಲಿ ಎದ್ದಳು. ಪಕ್ಕದ ಮನೆಯ ಕಾಶೆವ್ವ ಹಿಂದಿನ ದಿನ ಬೀಗರ ಮನೆಯಿಂದ ತಂದ ಉಪ್ಪಿನಕಾಯಿಯ ಭರಣಿ ಅಲ್ಲಿ ಸೋರಿ, ಸೀಟು ಎಣ್ಣೆಖಾರ ಕುಡಿದು ತೃಪ್ತಿಯಿಂದ ಮಲಗಿತ್ತು.

ಸುಜಾತಾ ಗಾಡಿಯಿಂದ ಇಳಿದಳು. ಸೆರಗು ಸುತ್ತಿಕೊಂಡು ಒಳಗೆ ನಡೆದಳು. ಬೈದಿದ್ದರೆ ಗುಡ್ಡಪ್ಪ ತಡೆದುಕೊಳ್ಳುತ್ತಿದ್ದ.

"ಸುಜಾತಾ, ಇವತ್ತ ತೀರ್ಮಾನ ಆಗಿಹೋಗಲಿ!" ಎಂದು ಅವನು ಬಾಗಿಲಲ್ಲೇ ನಿಂತು ಸಾರಿದ. "ಸ್ಪೋರ್ಟ್ಸ್ ಕಾರ್ ತರ್ತೇನಿ. ಎರಡ ಸೀಟಂದ್ರ ಎರಡ. ಒಂದರಾಗ ನಾ, ಒಂದರಾಗ ನೀ. ಮೂರನೇದವ್ರು ಬಂದ್ರ ಟಾಪಿನ ಮ್ಯಾಲೆ ಕುಂದರ್ಲಿ."

"ಮದಲ ಸೀರಿ ತೊಳ್ಯಾಕ ಸಾಬಾನ ತಂದ ಕೊಡ್ರಿ" ಎಂದಿತು ಒಳಗಿನ ದನಿ.

ಗಾಡಿ ಬೇಕೋ ಬೇಡವೋ ಎಂಬ ಪ್ರಶ್ನೆ ಗುಡ್ಡಪ್ಪನಿಗೆ ಇರಲಿಲ್ಲ. ಹೊಸದೋ ಹಳೆಯದೋ ಎಂಬಲ್ಲಿ ಅವನು ತಿಂಗಳುಗಟ್ಟಲೆ ಸಿಕ್ಕಿಬಿದ್ದಿದ್ದ. ಹೊಸದು ಬೇಕಾದರೆ ದೀಪಾವಳಿಯವರೆಗೆ ಕಾಯಬೇಕೆಂದು ಬೆಳಗಾವಿಯ ಶೋರೂಮಿನವರು ಹೇಳಿದ್ದರು. ಹಳೆಯದು ಹುಕ್ಕೇರಿಯಲ್ಲಿ, ಸ್ವಪ್ನಿಲ್ ಎಂಬ ಹಳೆ ಗಾಡಿಗಳ ವ್ಯಾಪಾರಿಯ ಅಂಗಳದಲ್ಲಿ ಕೆಂಪಗೆ ನಿಂತಿತ್ತು. ಇನ್ನು ತಡವಿಲ್ಲ, ಹುಕ್ಕೇರಿಗೆ ಹೋಗಿ ಕಣ್ಣಾರೆ ನೋಡಿ ಇತ್ಯರ್ಥ ಮಾಡುವುದೆಂದು ಅವನು ಸೀಟು ಒರೆಸಿ ಹೊರಬಂದಾಗ, ಎದುರುಮನೆಯ ಲಕ್ಕಪ್ಪ ಮುಂದಿನ ಸೀಟಿನಲ್ಲಿ ಟವೆಲ್ ಹಾಸಿಕೊಂಡು ಕುಳಿತಾಗಿತ್ತು.

ಲಕ್ಕಪ್ಪ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಖಾಲಿ ಸೀಟು ಕಂಡರೆ ಅವನು ಈಗಲೂ ಜನರನ್ನು ಕೂಗಿ ಕರೆಯುತ್ತಿದ್ದ.

"ಹುಕ್ಕೇರಿಗಿ ಅಂತಲ್ಲ? ಗಾಡಿ ನೋಡಾಕ ತಿಳಿದಾವ್ರು ಒಬ್ಬರ ಬೇಕ. ಕಾಶೆವ್ವಾ, ಬಾ ಬಾ! ಈಶ್ವರಾ, ಹಿಂದ ಜಾಗಾ ಐತಿ!"

ಕಾಶೆವ್ವನಿಗೆ ಹುಕ್ಕೇರಿಯಲ್ಲಿ ತಂಗಿಯ ಬಾಣಂತಿ ಸೊಸೆಯನ್ನು ನೋಡುವುದಿತ್ತು. ಟೇಲರ್ ಈಶ್ವರನಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಆದರೆ ಇವತ್ತು ಅಂಗಡಿಗೆ ರಜೆಯಿತ್ತು. ಹೀಗೆ ಓಣಿಯನ್ನು ಗಾಡಿಯಿಂದ ಇಳಿಸಲು ಹೊರಟ ಗುಡ್ಡಪ್ಪ, ಓಣಿಯನ್ನು ಗಾಡಿಯಲ್ಲಿ ತುಂಬಿಕೊಂಡೇ ಹೊರಟ.

ದಾರಿಯುದ್ದಕ್ಕೂ ಸಭೆ ನಡೆಯಿತು.

"ಹೊಸಾದ ತುಗೊ. ಮಂದಿ ಕುಂತ ಬಿಟ್ಟ ಸೀಟಿನ್ಯಾಗ ನೀ ಯಾಕ ಕುಂದರ್ತಿ?" ಎಂದಳು ಕಾಶೆವ್ವ.

"ಹಳೇದ ಛಲೋ" ಎಂದ ಲಕ್ಕಪ್ಪ. "ಕೆಡೂದೆಲ್ಲಾ ಮದಲ ಕೆಟ್ಟ ಹೋಗಿರ್ತೈತಿ. ಮುಂದ ಕೆಡಾಕ ಏನೂ ಉಳದಿರೂದಿಲ್ಲ."

"ಅಣ್ಣಾ, ಗಾಡಿಕಿಂತ ಮದಲ ನಿಮ್ಮ ಹೊಟ್ಟಿ ಅಳತಿ ತುಗೊಂಡ್ರ ಬೇಷ" ಎಂದ ಈಶ್ವರ. ಅವನ ಕಸುಬೇ ಅದು.

ಗೋಕಾಕದಲ್ಲಿ ಕರದಂಟು ಕೊಳ್ಳಲು ಇಳಿದರು. ಬಾಣಂತಿಗೆ ಎಂದು ಕೊಂಡದ್ದನ್ನು ಘಟಪ್ರಭಾ ದಾಟುವಷ್ಟರಲ್ಲಿ ಲಕ್ಕಪ್ಪನೇ ತಿಂದು ಮುಗಿಸಿದ. ತಿರುಗಿ ಕೊಳ್ಳಲು ಮತ್ತೆ ಗೋಕಾಕಕ್ಕೆ ಬಂದರು. ಗುಡ್ಡಪ್ಪ ಹಲ್ಲು ಕಚ್ಚಿ ಸ್ಟೇರಿಂಗ್ ಹಿಡಿದಿದ್ದ. ಇದೇ ಕಡೆಯ ಸಲ ಎಂಬ ಯೋಚನೆಯೊಂದೇ ಅವನ ಜೀವ ಹಿಡಿದಿತ್ತು.

ಹುಕ್ಕೇರಿಯ ಅಂಗಳದಲ್ಲಿ ಕೆಂಪು ಗಾಡಿ ಮೂಗು ನೆಲಕ್ಕೆ ಹಚ್ಚಿ ಕುಳಿತಿತ್ತು. ಸ್ವಪ್ನಿಲ್ ಅದರ ಬಾಗಿಲನ್ನು ಗರ್ಭಗುಡಿಯ ಬಾಗಿಲಿನಂತೆ ಮೆಲ್ಲಗೆ ತೆರೆದ. ಗುಡ್ಡಪ್ಪ ಮೊದಲು ಕಾಲು ಇಟ್ಟ, ಹೊಟ್ಟೆ ಹೊರಗುಳಿಯಿತು. ಹೊಟ್ಟೆ ಇಟ್ಟ, ಕಾಲು ಹೊರಗುಳಿಯಿತು. ಕೊನೆಗೆ ಲಕ್ಕಪ್ಪನೂ ಈಶ್ವರನೂ ಸೇರಿ, ಬೆಲ್ಲದ ಪೆಂಟೆಯನ್ನು ಕಪಾಟಿನ ಬುಡಕ್ಕೆ ತಳ್ಳುವ ಹಾಗೆ ಅವನನ್ನು ಒಳಗೆ ತಳ್ಳಿದರು. ಎಂಜಿನ್ ಶುರುವಾಯಿತು. ಆ ಗುಟುರಿಗೆ ಗುಡ್ಡಪ್ಪನ ಎದೆ ಅರಳಿತು. ಬಾಜೂ ಸೀಟು ಖಾಲಿಯಿತ್ತು. ಹಿಂದೆ ತಿರುಗಿ ನೋಡಿದ, ಹಿಂದೆ ಸೀಟೇ ಇರಲಿಲ್ಲ. ಅಂಥ ಸುಖ ಅವನು ಕಂಡಿರಲಿಲ್ಲ.

ಆದರೂ ಮನಸ್ಸು ಹೊಯ್ದಾಡಿತು. ಹೊಸದಕ್ಕೆ ಹೊಸದೇ ಸಾಟಿ. ಆಗ ಕಾಶೆವ್ವ ಕಿಟಕಿಯಲ್ಲಿ ಬಾಗಿ ಪ್ರೀತಿಯಿಂದ ಹೇಳಿದಳು: "ಗಡಿಬಿಡಿ ಮಾಡಬ್ಯಾಡೋ ಗುಡ್ಡ್ಯಾ. ಹೊಸಾದ ಬರೂತನಾ ಕಾಯಿ. ಅಲ್ಲೀತನಾ ದೊಡ್ಡ ಗಾಡ್ಯಾಗ ನನ್ನ ಮೊಮ್ಮಗಳ ಲಗ್ನದ ಓಡಾಟ ಎಲ್ಲಾ ಮುಗಿಸಿಬಿಡೂನು."

ಅಲ್ಲಿಗೆ ತೀರ್ಮಾನವಾಯಿತು.

"ಸ್ವಪ್ನಿಲ್! ಇದನ್ನ ಕೊಡು. ನನ್ನ ದೊಡ್ಡ ಗಾಡಿ ನೀ ಇಟಗೊ. ಈಗ, ಇಲ್ಲೇ."

ಮಾತುಕತೆ ಮುಗಿದು ಕೀಲಿಗಳು ಅದಲುಬದಲಾದ ಮೇಲೆಯೇ ಓಣಿಯವರಿಗೆ ತಮ್ಮ ಸ್ಥಿತಿ ಹೊಳೆದದ್ದು.

"ನಾವು ಊರಿಗಿ ಹೆಂಗ ಹೋಗೂದು?" ಎಂದ ಈಶ್ವರ.

"ಒಂದ ಸೀಟ ಐತೆಲ್ಲ" ಎಂದು ಲಕ್ಕಪ್ಪ ಬಾಗಿಲಿಗೆ ಕೈ ಹಾಕಿದ.

"ಕೈ ತಗೀರಿ ಕಾಕಾ. ಅದು ಸುಜಾತಾನ ಸೀಟು." ಗುಡ್ಡಪ್ಪನ ದನಿ ಅವನಿಗೇ ಹೊಸದೆನಿಸಿತು. ಜೀವಮಾನದಲ್ಲಿ ಮೊದಲ ಬಾರಿ ಅವನು ಇಲ್ಲ ಅಂದಿದ್ದ.

ಸ್ವಪ್ನಿಲ್ ಒಳ್ಳೆಯ ಹುಡುಗ. "ಇರ್ಲಿ ಬಿಡ್ರಿ, ದೊಡ್ಡ ಗಾಡ್ಯಾಗ ಇವರನ್ನ ನಾ ಬಿಟ್ಟ ಬರ್ತೇನಿ" ಎಂದ.

ಗುಡ್ಡಪ್ಪ ಧೂಳೆಬ್ಬಿಸಿಕೊಂಡು ಹೊರಟ. ಆ ಧೂಳು ಬಹಳ ಹೊತ್ತು ಉಳಿಯಲಿಲ್ಲ. ಊರು ದಾಟುತ್ತಲೇ ಕಬ್ಬಿನ ಟ್ರ್ಯಾಕ್ಟರ್ ಮುಂದೆ ಸಿಕ್ಕಿತು, ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಗಾಳಿಯ ಜೊತೆ ಪಂದ್ಯ ಕಟ್ಟಬೇಕಾದ ಗಾಡಿ, ಕಬ್ಬಿನ ಸೋಗೆಯ ಹಿಂದೆ ಸೊಸೆಯ ಹಾಗೆ ತಲೆ ತಗ್ಗಿಸಿ ನಡೆಯಿತು. ಸಂದು ಸಿಕ್ಕಿ ಮುಂದೆ ನುಗ್ಗಿದರೆ ರಸ್ತೆಗಡ್ಡ ಹಂಪು. ಮೊದಲ ಹಂಪು ಗಾಡಿಯ ಹೊಟ್ಟೆಯನ್ನು ಕರ್ರನೆ ಗೀರಿತು. ಎರಡನೆಯದನ್ನು ಓರೆಯಾಗಿ ಹತ್ತಿಸಿದ. ಗೋಕಾಕ ದಾಟಿದ ಮೇಲೆ ಸಿಕ್ಕಿದ್ದು ಊರವರೇ ಉತ್ಸಾಹದಿಂದ ಕಟ್ಟಿದ ಹಂಪು. ಅದರ ನೆತ್ತಿಯ ಮೇಲೆ ಗಾಡಿ ಕುಳಿತುಬಿಟ್ಟಿತು, ಕಲ್ಲಿನ ಮೇಲಿನ ಆಮೆಯಂತೆ, ನಾಲ್ಕೂ ಕಾಲು ಆಧಾರವಿಲ್ಲದೆ.

ಕಬ್ಬು ಕಡಿಯುವವರು ಗದ್ದೆಯಿಂದ ಓಡಿಬಂದರು. ಅವನನ್ನು ಇಳಿಸುವುದು ಕಷ್ಟವೆಂದು ಅವನ ಸಮೇತವೇ ಗಾಡಿ ಎತ್ತಿದರು.

"ಹೊಸಾದೇನ್ರಿ, ಹಳೇದೇನ್ರಿ?" ಎಂದು ಎತ್ತುತ್ತಲೇ ಒಬ್ಬ ಕೇಳಿದ.

"ತುಗೊಂಡಾಗ ಇಷ್ಟ ಹಳೇದಿರಲಿಲ್ಲ" ಎಂದ ಗುಡ್ಡಪ್ಪ.

ಅವನ ದೊಡ್ಡ ಗಾಡಿ ಇದೇ ಹೊತ್ತಿಗೆ ಪಕ್ಕದಿಂದ ಹಂಪನ್ನು ಲೆಕ್ಕಿಸದೆ ಹಾರಿಹೋಯಿತು. ಕಿಟಕಿಗಳಿಂದ ಕೈಗಳು ಬೀಸಿದವು. ಬೀಸಲಿ ಎಂದುಕೊಂಡ. ನಾಳೆಯಿಂದ ಬಸ್ಸಿಗೆ ಕೈ ಬೀಸುವರು.

ಹೊತ್ತು ಮುಳುಗುವಾಗ ಅವನು ಓಣಿ ಸೇರಿದ. ಮನೆಯ ಮುಂದೆ, ತನ್ನ ಕೆಂಪು ಗಾಡಿಗೆಂದು ಮನಸ್ಸಿನಲ್ಲೇ ಗುರುತಿಟ್ಟ ಜಾಗದಲ್ಲಿ, ಅವನ ಹಳೆಯ ಗಾಡಿ ನಿಂತಿತ್ತು. ಕೊರಳಿಗೆ ಚೆಂಡುಹೂವಿನ ಹಾರ, ಗಾಲಿಗೆ ಲಿಂಬೆಹಣ್ಣು. ಓಣಿಯೆಲ್ಲ ನೆರೆದಿತ್ತು. ಗುಡ್ಡಪ್ಪನಿಗೆ ಏಳಲು ಬರುವಂತಿರಲಿಲ್ಲವಾದ್ದರಿಂದ ಅವನು ಕುಳಿತಲ್ಲಿಂದಲೇ ಸುತ್ತಲಿನ ಮೊಣಕಾಲುಗಳನ್ನು ಉದ್ದೇಶಿಸಿ ಕೇಳಿದ: "ಇದ್ಯಾಕ ಇಲ್ಲೈತಿ?"

ಲಕ್ಕಪ್ಪನ ಮುಖ ಕಿಟಕಿಗೆ ಇಳಿಯಿತು. "ಇದೀಗ ನಮ್ಮ ಗಾಡಿ ಐತಿ ತಮ್ಮಾ. ದಾರ್ಯಾಗ ವಿಚಾರ ಮಾಡಿದ್ವಿ. ದಿನಾ ನಿನ್ನ ಗಾಡಿ ಕೇಳಾಕ ನಮಗೂ ನಾಚಿಕಿ ಬರಬೇಕಲ್ಲ? ಓಣಿ ಎಲ್ಲಾ ಕೂಡಿ ಸ್ವಪ್ನಿಲ್‌ನ ಕಡಿಂದ ತುಗೊಂಡಬಿಟ್ವಿ. ಅಂವಾ ರೊಕ್ಕಾ ಎಣಿಸಿಕೊಂಡ ಬಸ್ ಹತ್ತಿ ಹೋದ. ಹೊಸಾದೋ ಹಳೇದೋ ಅಂತ ಮಾತ ಬಂತು. ಗುಡ್ಡಪ್ಪಾನೂ ಹಳೇದ ತುಗೊಂಡಾನಂದ್ರ ಹಳೇದ ಛಲೋ ಅಂತ ಎಲ್ಲಾರೂ ಒಪ್ಪಿದ್ರು."

ಗುಡ್ಡಪ್ಪನ ಕಣ್ಣು ತುಂಬಿಬಂತು. ಇಷ್ಟು ವರ್ಷ ಈ ಜನರನ್ನು ಅವನು ತಪ್ಪು ತಿಳಿದಿದ್ದ.

"ಛಲೋ ಮಾಡಿದ್ರಿ ಕಾಕಾ! ಆರಾಮ ಅಡ್ಡಾಡ್ರಿ. ಸುಜಾತಾ, ಬಾ, ಕುಂದ್ರ ಬಾ!"

ಸುಜಾತಾ ಬಂದಳು. ಸೀಟನ್ನು ನೋಡಿದಳು, ನೆಲವನ್ನು ನೋಡಿದಳು. ಎರಡಕ್ಕೂ ಅಂತರ ಕಾಣಲಿಲ್ಲ.

"ನನ್ನ ಮೊಣಕಾಲ ಗೊತ್ತಿಲ್ಲೇನ್ರಿ ನಿಮಗ? ಇದರಾಗ ಕುಂತ್ರ ಎಬ್ಬಸಾಕ ಓಣಿ ಮಂದೀನ ಕರೀಬೇಕ. ನನಗ ದೊಡ್ಡ ಗಾಡೀನ ಬೇಷ. ಅದಕ್ಕ ನಿಮ್ಮ ಹೆಸರಿನ್ಯಾಗೂ ಒಂದ ಪಾಲ ಹಾಕೇನಿ."

ಗುಡ್ಡಪ್ಪ ಬಾಗಿಲಿನ ಹಿಡಿಗೆ ಕೈ ಹಾಕಿದ. ಅಷ್ಟರಲ್ಲಿ ಕಾಶೆವ್ವನ ದನಿ ಕೇಳಿತು.

"ನಸಕಿನ್ಯಾಗ ಮೊಮ್ಮಗಳ ಲಗ್ನದ ಜವಳಿಗಿ ಬೆಳಗಾವಿಗಿ ಹೋಗೂದೈತಿ."

"ಹೋಗಿಬರ್ರಿ" ಎಂದ ಗುಡ್ಡಪ್ಪ. ಕಿಟಕಿಯಿಂದ ಕುತ್ತಿಗೆ ಹೊರಚಾಚಿ, "ಗಾಡಿ ಹೊಡ್ಯಾವ್ರು ಯಾರು?" ಎಂದ.

ಮೊಣಕಾಲುಗಳು ಒಂದನ್ನೊಂದು ನೋಡಿಕೊಂಡವು. ಲಕ್ಕಪ್ಪ ಸರ್ವಿಸಿನುದ್ದಕ್ಕೂ ಸೀಟಿ ಊದಿದವನೇ ಹೊರತು ಸ್ಟೇರಿಂಗ್ ಮುಟ್ಟಿದವನಲ್ಲ. ಈಶ್ವರನ ಕಾಲು ಹೊಲಿಗೆ ಯಂತ್ರದ ಪೆಡಲೊಂದನ್ನೇ ಬಲ್ಲದು. ಕಿಟಕಿಯಿಂದ ಕೀಲಿಯೊಂದು ಬಂದು ಗುಡ್ಡಪ್ಪನ ತೊಡೆಯ ಮೇಲೆ ಬಿತ್ತು.

"ನಾ ಒಲ್ಲೆ!" ಎಂದ ಗುಡ್ಡಪ್ಪ, ಹುಕ್ಕೇರಿಯಲ್ಲಿ ಕಲಿತ ಹೊಸ ದನಿಯಲ್ಲಿ.

"ಒಲ್ಲೆ ಅನ್ನಾಕ ಇದೇನ ನಿನ್ನೊಬ್ಬನ ಗಾಡಿ ಆತೇನ?" ಲಕ್ಕಪ್ಪ ಶಾಂತವಾಗಿ ಕೇಳಿದ. "ನಿನ್ನದಿದ್ದಾಗ ಅಂದಿದ್ರ ಕೇಳ್ತಿದ್ವಿ. ಈಗ ಎಲ್ಲಾರ್ದು ಐತಿ."

ಗುಡ್ಡಪ್ಪ ತೊಡೆಯ ಮೇಲಿನ ಕೀಲಿ ಎತ್ತಿಕೊಳ್ಳುತ್ತಿದ್ದಾಗ, ಈಶ್ವರ ಬಾಗಿ ವಿನಯದಿಂದ ಹೇಳಿದ:

"ಅಣ್ಣಾ, ಬ್ಯಾಸರಾ ಮಾಡಕೋಬ್ಯಾಡ್ರಿ. ಈ ಕೆಂಪ ಗಾಡಿ ಸ್ವಲ್ಪ ಬಾಜೂಕ ಹಚ್ಚಿಬಿಡ್ರಿ. ನಸಕಿನ್ಯಾಗ ನೀವು ದೊಡ್ಡ ಗಾಡಿ ತಗ್ಯಾಕ ಅಡ್ಡ ಆಗ್ತೈತಿ."