ಜರ್ಮನ್ ಬಂದರೆ ಸಾಕು, ಬೀಗ ಹಾಗೇ ಇರಲಿ

ಬೊಮ್ಮನಹಳ್ಳಿಯ ನಮ್ಮ ಗಾರ್ಮೆಂಟ್ಸ್‌ನಲ್ಲಿ ಹೆಂಗಸರ ಬಾತ್‌ರೂಮಿಗೆ ಬೀಗ ಹಾಕಿರುವುದು ಉತ್ಪಾದನೆಯ ಹಿತದೃಷ್ಟಿಯಿಂದ. ಊಟದ ಹೊತ್ತಿಗೆ ತೆಗೆಯಲಾಗುತ್ತದೆ. ಎಚ್.ಆರ್. ಮ್ಯಾನೇಜರ್ ಆದ ನನಗೆ ಈ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಿಲ್ಲ.

ಅಂಗಿ ಕೊಳ್ಳುವ ಜರ್ಮನಿಯ ಕಂಪನಿಯವರು ತಪಾಸಣೆಗೆ ಬರುತ್ತೇವೆ, ಟೈಲರ್‌ಗಳ ಜೊತೆ ನೇರವಾಗಿ ಮಾತಾಡುತ್ತೇವೆ ಎಂದು ಬರೆದರು. ದುಭಾಷಿ ಇಡುವುದೆಂದರೆ ದಾರೀಲಿ ಹೋಗೋ ಮಾರೀನ ಮನೆಗೆ ಕರೆದಂತೆ, ಕೇಳಿದ್ದನ್ನೆಲ್ಲ ಹೇಳಿಬಿಡುತ್ತಾನೆ. ಆದಕಾರಣ ಸಮಸ್ತ ಟೈಲರ್‌ಗಳೂ ಜರ್ಮನ್ ಕಲಿಯತಕ್ಕದ್ದೆಂದು ಸುತ್ತೋಲೆ ಹೊರಡಿಸಿದೆ. ಕಲಿಸಲು ಜಯನಗರದಿಂದ ಶಾಂತಲಾ ಮೇಡಂ ಬಂದರು. ಪಠ್ಯಕ್ರಮ ಮಾತ್ರ ನನ್ನದೇ: 'ಹೌದು', 'ಸಂತೋಷವಾಗಿದ್ದೇವೆ', 'ವಂದನೆಗಳು'. ಇದಕ್ಕಿಂತ ಹೆಚ್ಚು ಕಲಿತರೆ ತಲೆ ತಿರುಗುತ್ತದೆ.

ಕಾಲರ್ ಹೊಲಿಯುವ ಮಂಗಮ್ಮ ಎದ್ದು ನಿಂತಳು. ಅವಳಿಗೆ ಉರಿಮೂತ್ರ, ಚೆನ್ನಾಗಿ ನೀರು ಕುಡೀರಿ ಎಂದು ಡಾಕ್ಟರು ಹೇಳಿದ್ದಾರೆ.

"ಮೇಡಂ, ಬಾತ್‌ರೂಮಿಗೆ ಹೋಗ್ಬೇಕು ಅಂತ ಜರ್ಮನ್‌ನಲ್ಲಿ ಹೆಂಗೆ ಹೇಳೋದು?"

ಮೇಡಂ ನನ್ನ ಮುಖ ನೋಡಿದರು. "ಅದು ಸಿಲಬಸ್‌ನಲ್ಲಿಲ್ಲಮ್ಮ," ಎಂದೆ.

"ಹೋಗ್ಲಿ, 'ಇಲ್ಲ' ಅನ್ನೋದಕ್ಕೆ ಏನಂತಾರೆ ಸಾರ್?"

"ಅದು ಮುಂದಿನ ಹಂತದಲ್ಲಿ ಬರುತ್ತೆ."

ತಪಾಸಣೆಗೆ ಬಂದ ಜರ್ಮನ್ ಹೆಂಗಸು ಸೀದಾ ಮಂಗಮ್ಮನ ಮೆಶಿನ್ ಹತ್ತಿರ ಹೋಗಿ, "ಬಾತ್‌ರೂಮಿಗೆ ಬಿಡ್ತಾರಾ ಅಕ್ಕಾ?" ಎಂದು ಕೇಳಿಬಿಟ್ಟರು. ಜೆ.ಪಿ. ನಗರದಲ್ಲಿ ಮನೆ ಮಾಡಿಕೊಂಡು ಕನ್ನಡ ಕಲಿಯುತ್ತಿದ್ದಾರಂತೆ. ಈ ವಯಸ್ಸಿನಲ್ಲಿ ಇವರಿಗ್ಯಾಕಪ್ಪ ಬೇಕಿತ್ತು ಎಂದು ಮೈಯೆಲ್ಲ ಉರಿಯಿತು. ಮಂಗಮ್ಮ ಬೀಗದ ಕಥೆಯನ್ನು ಒಂದೂ ಬಿಡದೆ ಒಪ್ಪಿಸಿದಳು.

ನಾನು ಸುತ್ತೋಲೆ ತೋರಿಸಿದೆ. "ತಪಾಸಣೆಯ ಭಾಷೆ ಜರ್ಮನ್, ಮೇಡಂ. ಕನ್ನಡದಲ್ಲಿ ಕೊಟ್ಟ ಹೇಳಿಕೆ ಊರ್ಜಿತವಲ್ಲ."

ಆಕೆ ಯೋಚಿಸಿದರು. ಅಂಗಿಗಳು ಕ್ರಿಸ್‌ಮಸ್‌ಗೆ ಮುಂಚೆ ಜರ್ಮನಿಯ ಅಂಗಡಿ ಸೇರಬೇಕಿತ್ತು. "ನಿಯಮ ಅಂದ್ರೆ ನಿಯಮ," ಎಂದು ಅದೇ ಪ್ರಶ್ನೆಯನ್ನು ಜರ್ಮನ್‌ನಲ್ಲಿ ಕೇಳಿದರು.

ಮಂಗಮ್ಮ ನನ್ನನ್ನು ನೋಡಿದಳು, ಶಾಂತಲಾ ಮೇಡಂರನ್ನು ನೋಡಿದಳು. ಕಲಿತಿದ್ದು ಅಷ್ಟೇ ಇತ್ತು. ಹೌದು, ಸಂತೋಷವಾಗಿದ್ದೇವೆ, ವಂದನೆಗಳು ಎಂದು ಜರ್ಮನ್‌ನಲ್ಲಿ ಹೇಳಿದಳು. ಜರ್ಮನ್ ಹೆಂಗಸು ಅದನ್ನು ಬರೆದುಕೊಂಡು, ಉಚ್ಚಾರಣೆ ಸಖತ್ತಾಗಿದೆ ಎಂದು ಹೊಗಳಿದರು.

ಆರ್ಡರ್ ಬಂತು. ಮಂಗಮ್ಮನಿಗೆ ಉತ್ತಮ ಭಾಷಾ ಕಲಿಕೆಯ ಪ್ರಶಸ್ತಿ ಕೊಟ್ಟು, ಶಾಲು ಹೊದಿಸಿ, ಕುಡಿಯಲು ನೀರಿನ ಬಾಟಲಿ ಮುಂದಿಟ್ಟೆ.

"ಬೇಡ ಸಾರ್, ಊಟಕ್ಕಿನ್ನೂ ಹೊತ್ತಿದೆ," ಎಂದಳು.

ಶಿಸ್ತು ಅಂದರೆ ಹೀಗಿರಬೇಕು ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು.