ನಾಲ್ಕು ಪ್ಯಾಕೆಟ್ಟಿನ ಸುವರ್ಣಮ್ಮ

ಟೈರು ಅಂದಮೇಲೆ ಸವೆಯಬೇಕು, ಸವೆಯಲಿ. ಆದರೆ ಒಂದೇ ಪಕ್ಕದಲ್ಲಿ ಸವೆಯುವುದು ಘೋರ ಅನ್ಯಾಯ! ಸತ್ಯನಾರಾಯಣಪೇಟೆಯ ಅಕ್ಕಿ ವ್ಯಾಪಾರಿ ತಿಪ್ಪೇರುದ್ರಪ್ಪನವರು ಆ ಬೆಳಗ್ಗೆ ಹೀಗೆಂದು ಘೋಷಿಸಿದ್ದು ಮನೆಯ ಮುಂದೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿಕೊಂಡು. ಮಲಗದೆ ನೋಡುವಂತಿರಲಿಲ್ಲ. ಅವರ ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಸೌತೆಕಾಯಿ ತೂರುವಷ್ಟೇ ಜಾಗ. ಕೆಂಪು ಬಣ್ಣ, ಎರಡೇ ಬಾಗಿಲು, ಎರಡೇ ಸೀಟು, ಒಮ್ಮೆ ಗುಟುರು ಹಾಕಿದರೆ ಮೂರು ಓಣಿ ಎದ್ದು ಕೂರುವಂಥ ಇಂಜಿನ್ನು. ಐವತ್ತೆರಡರಲ್ಲಿ ಉಳಿದವರು ಮಂಡಿಗೆ ಎಣ್ಣೆ ಹಚ್ಚಿಕೊಂಡರೆ ಇವರು ರೇಸಿನ ಕಾರು ತಂದಿದ್ದರು. (ಸೆಕೆಂಡ್ ಹ್ಯಾಂಡು. ಈ ಮಾತು ನಮ್ಮನಮ್ಮಲ್ಲೇ ಇರಲಿ.)

ಮುಂದಿನ ಎಡ ಟೈರು ಹೊರಗಿನಿಂದ ಮದುವಣಿಗನಂತಿತ್ತು. ಒಳ ಅಂಚು ಮಾತ್ರ ಪೂರ್ತಿ ಬೋಳು. ತಂತಿ ಹಲ್ಲು ಕಿರಿಯುತ್ತಿತ್ತು. ಬಲಗಡೆಯದು ಅಷ್ಟು ಕೆಟ್ಟಿರಲಿಲ್ಲ. ಎಡಗಡೆ ಸೀಟಿನಲ್ಲಿ ಕೂರುವವರು ಯಾರು? ತಿಪ್ಪೇರುದ್ರಪ್ಪನವರ ಸಂಶೋಧನೆ ಅಲ್ಲಿಗೇ ಮುಗಿಯಿತು.

"ಸುವರ್ಣಾ, ಸಿಟ್ಟಾಗಬ್ಯಾಡ. ಎಡಗಡಿ ಟೈರಿಗೆ ನಿನ್ನ ಭಾರ ತಡಕೊಳ್ಳಾಕ ಆಗವಲ್ದು."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುವರ್ಣಮ್ಮ ಸೆರಗು ಸಿಕ್ಕಿಸಿದರು. "ಏನಂದ್ರಿ?"

"ವಿಜ್ಞಾನ ಅದು. ಭಾರ ಎಲ್ಲಿ ಬೀಳತೈತೋ ಅಲ್ಲಿ ಸವೀತೈತಿ."

"ಹಂಗಾದ್ರ ನಿಮ್ಮ ಕಡೀ ಟೈರು ಸತ್ತು ಮಣ್ಣಾಗಿ ವರ್ಷ ಆಗಬೇಕಿತ್ತು! ಹಂಪ್ ಬಂದಾಗೆಲ್ಲಾ ಹೊಟ್ಟಿ ತಾಕತೈತಿ ಅಂತ ಎಡಗಾಲಿ ರೋಡಿಂದ ಕೆಳಗ ಇಳಸ್ತೀರಿ. ಧಡಲ್ ಅಂತೈತಿ. ನನ್ನ ಸೊಂಟಕ್ಕ ಗೊತ್ತಾಗಿದ್ದು ಗಾಲಿಗೆ ಗೊತ್ತಾಗಂಗಿಲ್ಲೇನು?"

"ಗಾಡಿ ವಿಷಯ ನಿನಗ ತಿಳಿಯಂಗಿಲ್ಲ ಬಿಡು."

"ತಿಳಿಯಂಗಿಲ್ರಿ. ನಾಳಿ ಕುರುಗೋಡಿಗೆ ನಾ ಬಸ್ಸಿಗೆ ಹೋಗಾಕಿ. ನನ್ನ ಭಾರ ಸರಕಾರದ ಬಸ್ಸು ತಡೀತೈತಿ."

ಇದು ಎದೆಗೇ ಬಿದ್ದ ಪೆಟ್ಟು. ಮರುದಿನ ಕುರುಗೋಡಿನಲ್ಲಿ ಸುವರ್ಣಮ್ಮನ ತಮ್ಮ ಚನ್ನಬಸವರಾಜನ ಗೃಹಪ್ರವೇಶ. ಓಣಿಯ ಜನರೆಲ್ಲ ನೋಡುತ್ತಿರುವಾಗ ಕೆಂಪು ಕಾರು ನಿಲ್ಲಬೇಕು, ಬಾಗಿಲು ತೆರೆಯಬೇಕು, ರೇಷ್ಮೆ ಸೀರೆಯಲ್ಲಿ ಮನೆಮಗಳು ಇಳಿಯಬೇಕು, ಅತ್ತೆ ಆರತಿ ಎತ್ತಬೇಕು. ಆರು ತಿಂಗಳಿಂದ ತಿಪ್ಪೇರುದ್ರಪ್ಪನವರು ಈ ದೃಶ್ಯವನ್ನು ಕಣ್ಣುಮುಚ್ಚಿಕೊಂಡು ನೋಡಿ ನೋಡಿ ಸುಖಪಟ್ಟಿದ್ದರು. ಹೆಂಡತಿಯೇ ಇಳಿಯದಿದ್ದರೆ ಬಾಗಿಲು ತೆರೆದೇನು ಫಲ? ಮೊದಲು ಗಾಡಿ ಸರಿಮಾಡಿಸೋಣ, ಆಮೇಲೆ ಹೆಂಡತಿಯನ್ನು, ಎಂದುಕೊಂಡು ಕೌಲ್ ಬಜಾರಿಗೆ ಹೊರಟರು.

ಗಾಲಿಗಳ ವಾಲು ತಿದ್ದಿ ನೆಟ್ಟಗೆ ಮಾಡುವ ಅಲೈನ್ಮೆಂಟ್ ಎರ್ರಣ್ಣ ಕಾರಿನಡಿ ತಲೆ ಹಾಕಿ ಹೊರಬಂದ.

"ಸಾವುಕಾರ್ರೆ, ಇಂಥಾ ಓಡೋ ಗಾಡಿಗೆ ಗಾಲಿ ತಲಿ ಚೂರು ಒಳಗ ವಾಲಿರತಾವ. ತಿರುವಿನ್ಯಾಗ ನೆಲ ಕಚ್ಚಿ ಹಿಡೀಲಿ ಅಂತ ಕಂಪನಿಯವರ ಇಟ್ಟಿರತಾರ. ಒಳ ಅಂಚು ಸ್ವಲ್ಪ ಸವಿಯೋದು ಅದರ ಹುಟ್ಟುಗುಣ. ಆದ್ರ ಈ ಎಡಗಡೀದು ವಾಲಿಲ್ಲ, ಮಲಗೇ ಬಿಟ್ಟೈತಿ. ಎಲ್ಲಿ ಗುದ್ದಿದ್ರಿ?"

"ಗುದ್ದಿಲ್ಲ. ಅದು ಮನಿಯವರ ಭಾರ."

ಎರ್ರಣ್ಣ ಗುದ್ದಿದ ಮಾತು ಬಿಟ್ಟು ಸ್ಪ್ಯಾನರ್ ಎತ್ತಿಕೊಂಡ. (ಅವನಿಗೂ ಮದುವೆಯಾಗಿತ್ತು.) ಮುಂದಕ್ಕೆ ಎರಡು ಹೊಸ ಟೈರು ಹಾಕಿ, "ಖಾಲಿ ಗಾಡಿಗೆ ಅಲೈನ್ಮೆಂಟ್ ಮಾಡಿದ್ರ ಇದಕ್ಕ ನಡಿಯಂಗಿಲ್ರಿ. ದಿನಾ ಕುಂದ್ರೋರ ತೂಕ ಸೀಟಿನ ಮ್ಯಾಲ ಇರಬೇಕು. ನೀವು ಕುಂದರ್ರಿ. ಅಮ್ಮಾರನ್ನ ಕರಸ್ರಿ" ಎಂದ.

ಅಮ್ಮಾರನ್ನು ಕರೆಸುವುದೆಂದರೆ ಸಿಡಿಲನ್ನು ಫೋನು ಮಾಡಿ ಕರೆದಂತೆ. ಆದರೆ ತಿಪ್ಪೇರುದ್ರಪ್ಪನವರು ಅಕ್ಕಿ ವ್ಯಾಪಾರಿ. ಅವರ ಕಣ್ಣಿಗೆ ಜಗತ್ತಿನ ಸಕಲ ವಸ್ತುಗಳೂ ಇಪ್ಪತ್ತೈದು ಕಿಲೋದ ಪ್ಯಾಕೆಟ್ಟಿನಲ್ಲೇ ಕಾಣುತ್ತಿದ್ದವು. ಮಗಳ ಸ್ಕೂಟಿ ನಾಲ್ಕೂವರೆ ಪ್ಯಾಕೆಟ್ಟು, ಮನೆಯ ಫ್ರಿಜ್ಜು ಎರಡೂವರೆ. ಮನಸ್ಸಿನಲ್ಲೇ ಹೆಂಡತಿಯನ್ನು ತೂಗಿ, ಅಂಗಡಿಯ ವೀರೇಶನಿಗೆ ಫೋನು ಹಚ್ಚಿದರು.

"ಸಿರುಗುಪ್ಪದ ಸೋನಾಮಸೂರಿ ನಾಕು ಪ್ಯಾಕೆಟ್ ಆಟೋದಾಗ ಹಾಕಿ ಕಳಸು."

"ಯಾರಿಗ್ರೀ?"

"ನಿಮ್ಮ ಅಮ್ಮಾರ ಬದಲಿಗೆ."

ಪ್ಯಾಕೆಟ್ಟುಗಳು ಬಂದು ಎಡ ಸೀಟಿನಲ್ಲಿ ಒಂದರ ಮೇಲೊಂದು ಕೂತವು. ಕೂತದ್ದೇ ತಡ, ಕಾರು 'ಟಿಣ್ ಟಿಣ್' ಎಂದು ಬಡಿದುಕೊಳ್ಳತೊಡಗಿತು. ಯಾರೋ ಬೆಲ್ಟಿಲ್ಲದೆ ಕೂತಿದ್ದಾರೆಂದು ಅದಕ್ಕೆ ಗಾಬರಿ. ಎರ್ರಣ್ಣ ಅಕ್ಕಿಗೆ ಬೆಲ್ಟು ಹಾಕಿದ. ಸಿಟ್ಟು ಬಂದಾಗ ಮಾತಾಡದೆ ಮುಂದಕ್ಕೆ ನೋಡುತ್ತ ಕೂರುವ ಸುವರ್ಣಮ್ಮನಿಗೂ ಅದಕ್ಕೂ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಗಾಲಿಗಳನ್ನು ತಿರುಗಿಸಿ, ನಟ್ಟು ಬಿಗಿದು, ಅಲೈನ್ಮೆಂಟ್ ಯಂತ್ರದ ಪರದೆಯ ಮೇಲಿನ ಅಂಕಿಗಳೆಲ್ಲ ಹಸಿರಾಗುವ ಹೊತ್ತಿಗೆ ಇನ್ನೊಂದು ಆಟೋ ಬಂದು ನಿಂತಿತು. ನಿಜವಾದ ಸುವರ್ಣಮ್ಮ ಇಳಿದರು. ವೀರೇಶನ ಬಾಯಿ ಎಂದೂ ಸುಮ್ಮನಿದ್ದದ್ದಲ್ಲ.

ಕಾರಿನೊಳಗೆ ಬಗ್ಗಿ ಬೆರಳಿಟ್ಟು ಎಣಿಸಿದರು. "ಒಂದು, ಎರಡು, ಮೂರು, ನಾಕು. ಇದು ನಾನೇನ್ರೀ?"

"ಅಂದಾಜು..." ಎಂದರು ಯಜಮಾನರು, ಸ್ಟೇರಿಂಗಿನ ಹಿಂದೆ ಸಾಧ್ಯವಾದಷ್ಟು ಸಣ್ಣಗಾಗುತ್ತ.

ಸುವರ್ಣಮ್ಮ ಎದುರಿನ ಗುಜರಿ ಅಂಗಡಿಗೆ ನಡೆದು ತೂಕದ ಕಾಟಾ ಹತ್ತಿ ನಿಂತರು. ಗುಜರಿಯವನು ಬೀದಿಗೆಲ್ಲ ಕೇಳುವಂತೆ ಕೂಗಿದ: "ಐವತ್ತೊಂಬತ್ತು!"

"ಎರಡು ಪ್ಯಾಕೆಟ್ಟು, ಮ್ಯಾಲ ಒಂಬತ್ತು ಕಿಲೋ" ಎಂದು ಯಾರೂ ಕೇಳದಿದ್ದರೂ ಎರ್ರಣ್ಣ ಲೆಕ್ಕ ಹೇಳಿದ.

"ಎರಡು ಇಳಿಸಿ ಮತ್ತ ಮಾಡೋ ಎರ್ರಣ್ಣಾ!" ಎಂದರು ತಿಪ್ಪೇರುದ್ರಪ್ಪನವರು.

"ಯಾರೂ ಮುಟ್ಟಬ್ಯಾಡ್ರಿ" ಎಂದರು ಸುವರ್ಣಮ್ಮ. "ಇಪ್ಪತ್ತಾರು ವರ್ಷ ಸಂಸಾರ ಮಾಡಿ ಇವರು ಕಂಡ ಹೆಂಡ್ತಿ ಇವಳೇ. ನಾಳಿ ಇವಳನ್ನ ಕರ್ಕೊಂಡು ಬರ್ರಿ." ಆಟೋ ಹೊರಟುಹೋಯಿತು.

ಎರ್ರಣ್ಣ ತಲೆ ಕೆರೆದುಕೊಂಡ. "ಅಮ್ಮಾರ ಮಾತು ಮೀರಿ ನಾ ಮುಟ್ಟಂಗಿಲ್ರಿ. ನಾಳಿ ಅಂಗಡಿ ಬಂದ್. ಈ ತೂಕ ಇಳಿಸಿದ್ರ ಗಾಡಿ ಬಲಕ್ಕ ಎಳಿತೈತಿ, ಹೊಸಾ ಟೈರು ತಿಂತೈತಿ. ನೋಡ್ರಿ ಮತ್ತ."

ಮರುದಿನ ಬೆಳಗ್ಗೆ ಸುವರ್ಣಮ್ಮ ಮೊದಲ ಬಸ್ಸಿಗೇ ಹೋಗಿಯಾಗಿತ್ತು. ತಿಪ್ಪೇರುದ್ರಪ್ಪನವರು ಪ್ಯಾಕೆಟ್ಟು ಇಳಿಸಿ ಹೊರಟರು. ಗಾಂಧಿನಗರ ದಾಟುವಷ್ಟರಲ್ಲಿ ಕಾರು ಬಲಕ್ಕೆ ಜಗ್ಗಿ ಜಗ್ಗಿ ಎದುರಿನ ಲಾರಿಯವನಿಂದ ತೆಲುಗಿನಲ್ಲಿ ಎರಡು ಮಾತು ಕೇಳಿಸಿತು. ತಿರುಗಿ ಮನೆಗೆ ಬಂದು, ಬೆವರು ಸುರಿಸಿ, ಅಕ್ಕಿಯನ್ನು ಮತ್ತೆ ಕೂರಿಸಿ ಬೆಲ್ಟು ಹಾಕಿದರು. ಆಗ ಹೊರಟಿತು ನೋಡಿ ಕಾರು, ದಾರ ಹಿಡಿದು ಎಳೆದಂತೆ ನೆಟ್ಟಗೆ! ಎಡ ಸೀಟಿನಿಂದ 'ಸಾವಕಾಶ್ರೀ' ಎಂಬ ಮಾತೇ ಇಲ್ಲದ ಪ್ರಯಾಣ. ನಿಜ ಹೇಳಬೇಕೆಂದರೆ, ಕುರುಗೋಡು ಬಂದದ್ದೇ ಅವರಿಗೆ ಸ್ವಲ್ಪ ಬೇಸರ.

ಓಣಿಯೆಲ್ಲ ನೆರೆದಿತ್ತು. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಚನ್ನಬಸವರಾಜ ಓಡಿಬಂದು ಎಡಬಾಗಿಲು ತೆರೆದು, ಹಾಗೇ ನಿಂತುಬಿಟ್ಟ.

"ಮಾವಾರ... ನೀವು ಹೆಂಡ್ತೀನ ಕರ್ಕೊಂಡು ಬರ್ತೀರಿ ಅಂದಿದ್ಲು ಅಕ್ಕ. ಎಲ್ಲಿ?"

"ಅಲ್ಲೇ ಅದಾಳಲ್ಲಪಾ, ಬೆಲ್ಟ್ ಬಿಚ್ಚು" ಎನ್ನುತ್ತ ರೇಷ್ಮೆ ಸೀರೆಯ ಸುವರ್ಣಮ್ಮ ಮನೆಯೊಳಗಿಂದ ಬಂದರು. ನಾಲ್ಕೂ ಪ್ಯಾಕೆಟ್ಟಿಗೆ ಕುಂಕುಮ ಹಚ್ಚಿದರು. "ಒಳಗ ತರ್ರಿ. ಮನಿ ಮಗಳನ್ನ ಬೀದ್ಯಾಗ ಬಿಡ್ತಾರೇನು?"

ಇಬ್ಬರು ಗಟ್ಟಿ ಆಳುಗಳು ಮುಂದೆ ಬಂದರು. ಸುವರ್ಣಮ್ಮ ಕೈ ಅಡ್ಡ ಹಿಡಿದರು.

"ನೀವ್ ಸರೀರಿ. ಅವರ ಹೆಂಡ್ತೀನ ಪರಗಂಡಸರು ಮುಟ್ಟಬಾರದು."

ಜರಿ ಪಂಚೆ ಮೇಲಕ್ಕೆ ಕಟ್ಟಿ ತಿಪ್ಪೇರುದ್ರಪ್ಪನವರು ಮೊದಲ ಪ್ಯಾಕೆಟ್ಟು ಎಡ ಹೆಗಲಿಗೇರಿಸಿದರು. ಅತ್ತೆ ಆರತಿ ಎತ್ತಿದರು. "ಬಲಗಾಲಿಟ್ಟು ಬರ್ರಿ ಅಳಿಯಂದ್ರ." ಎರಡನೆಯದೂ ಅದೇ ಹೆಗಲಿಗೆ, ಮತ್ತೆ ಆರತಿ, ಮತ್ತೆ ಬಲಗಾಲು. ಮೂರನೆಯದರ ಹೊತ್ತಿಗೆ ಹೊಸ್ತಿಲೇ ಎರಡೆರಡಾಗಿ ಕಾಣತೊಡಗಿತ್ತು. ದೇಹ ಪೂರ್ತಿ ಎಡಕ್ಕೆ ಬಾಗಿತ್ತು.

ಕಟ್ಟೆಯ ಮೇಲಿನ ಮುದುಕಿಯೊಬ್ಬಳು ಮರುಗಿದಳು. "ಅಯ್ಯ ಸುವರ್ಣಾ, ನಿನ್ನ ಗಂಡ ಒಂದ ಕಡೀಗೆ ವಾಲ್ಯಾನಲ್ಲ!"

"ಅಲೈನ್ಮೆಂಟ್ ತಪ್ಪೈತಿ ಅಜ್ಜಿ" ಎಂದು ಸುವರ್ಣಮ್ಮ ತಮ್ಮನತ್ತ ತಿರುಗಿದರು. "ಚನ್ನಪ್ಪಾ, ಉಳಿದದ್ದೊಂದು ಮಾವಾರ ಬಲ ಹೆಗಲ ಮ್ಯಾಲಿಡು, ನೆಟ್ಟಗಾಗತಾರ."