ಲಿಯಾಂಡರನ ಚೆಂಡಿಗೆ ಭಾವನ ಕೈಚಳಕ

ತಮ್ಮ ಲಿಯಾಂಡರ್ ಸತ್ತು ಎರಡು ವರ್ಷವಾದರೂ ದುಡ್ಡಿಲ್ಲದೆ ಅವನ ಗೋರಿಗೊಂದು ಕಲ್ಲು ಹಾಕಿಸಲಾಗಲಿಲ್ಲ ಎಂಬುದೇ ವರ್ನಾಳ ಕೊರಗು. ಹೂಳಿದವರು ಹೆಸರು ಬರೆದು ಚುಚ್ಚಿಹೋದ ತಗಡಿನ ಚೀಟಿಯೇ ಇನ್ನೂ ಅಲ್ಲಿತ್ತು. ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ಅವಳು ಅಲ್ಲಿ ನಿಂತು ಅಳುತ್ತಿದ್ದಳು. ಪಕ್ಕದಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಲ್ಲುವ ಗಂಡ ಹಾರ್ಲನ್‌ಗೂ ನಿಜವಾಗಿಯೇ ಕರುಳು ಚುರ್ರೆನ್ನುತ್ತಿತ್ತು.

ಕೊನೆಗೆ ಲಿಯಾಂಡರನ ಪೆಟ್ಟಿಗೆಯ ತಳದಲ್ಲಿ ಮುತ್ತಜ್ಜ ಆಟದಲ್ಲಿ ಗೆದ್ದು ತಂದಿದ್ದ ಬೇಸ್‌ಬಾಲ್ ಚೆಂಡು ಸಿಕ್ಕಿತು. ಆ ಕಾಲದಲ್ಲಿ ಸೋತ ತಂಡ ಆಟದ ಚೆಂಡನ್ನು ಗೆದ್ದವರಿಗೆ ಒಪ್ಪಿಸಬೇಕಿತ್ತು. ಗೆದ್ದವರು ಅದರ ಮೇಲೆ ಇಸವಿ, ಅಂಕ ಎಲ್ಲ ಚಿನ್ನದ ಬಣ್ಣದಲ್ಲಿ ಬರೆಸಿ ಮೆರೆಯುತ್ತಿದ್ದರು.

"ಶನಿವಾರ ಹಳೇ ಸಾಮಾನಿಗೆ ಬೆಲೆ ಕಟ್ಟೋರು ಲೈಬ್ರರಿಗೆ ಬರ್ತಾರೆ. ಇದನ್ನ ಮಾರಿ ತಮ್ಮನಿಗೆ ಕಲ್ಲು ಹಾಕಿಸ್ತೀನಿ," ಎಂದಳು ವರ್ನಾ.

"ಏನು ಬರ್ದಿದೆ ಅಂತಾನೇ ಕಾಣಲ್ವಲ್ಲೇ?"

"ಅವ್ರ ಹತ್ರ ಭೂತಗನ್ನಡಿ ಇರತ್ತೆ. ನೀನು ಸುಮ್ನಿರು ಮಾರಾಯ."

ಸುಮ್ಮನಿರುವುದು ಹೇಗೆ? ಹಾರ್ಲನ್ ನಲವತ್ತು ವರ್ಷ ಮೊಹಾಕ್ ನದಿಯ ಎರಡೂ ದಡದ ಅಂಗಡಿಗಳಿಗೆ ಬೋರ್ಡು ಬರೆದ ಮಹಾನುಭಾವ. ಮಾಸಿದ ಅಕ್ಷರ ಕಂಡರೆ ಅವನಿಗೆ ಅನ್ನ ಸೇರದು. (ಇದು ಕಲೆಯಲ್ಲ, ಕಾಯಿಲೆ ಎಂದು ವರ್ನಾಳ ಅಭಿಪ್ರಾಯ.) ಶುಕ್ರವಾರ ಅವಳು ಕೂದಲು ಕತ್ತರಿಸಿಕೊಳ್ಳಲು ಹೋದದ್ದೇ ತಡ, ಮಾಸಿದ್ದನ್ನು ಬಿಸಿಲಿಗೆ ಹಿಡಿದು ಹೇಗೋ ಓದಿಕೊಂಡು, ಬಣ್ಣ ಬಿಡಿಸುವ ಟರ್ಪೆಂಟೈನ್ ಹಚ್ಚಿ ಚೆಂಡನ್ನು ಒರೆಸಿದ. ಆಮೇಲೆ ಉಸಿರು ಬಿಗಿಹಿಡಿದು ಕುಂಚ ಆಡಿಸಿದ.

ಶನಿವಾರ ಬೆಲೆ ಕಟ್ಟುವ ಶ್ರೀಮತಿ ಕ್ವಿಂಬಿ ಚೆಂಡನ್ನು ತಿರುಗಿಸಿ ನೋಡಿದಳು. "ಒಂದೇ ತುಂಡು ಚರ್ಮ, ನಾಲ್ಕು ಎಸಳು ಮಡಚಿ ಕೈಯಲ್ಲೇ ಹೊಲ್ದಿದಾರೆ. ಅಸಲಿ ಮಾಲು!"

ವರ್ನಾ ಗಂಡನ ತೋಳು ಹಿಡಿದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಹಿಡಿದದ್ದು.

"ಈ ಅಕ್ಷರ ಯಾರು ಬರ್ದಿದ್ದು?" ಕ್ವಿಂಬಿಯ ದನಿ ಬದಲಾಗಿತ್ತು.

ಹಾರ್ಲನ್ ಎದೆಯುಬ್ಬಿಸಿದ. "ನಾನೇ ಮೇಡಂ! 1868, ನಲವತ್ತೊಂದಕ್ಕೆ ಇಪ್ಪತ್ತೇಳು. ನಿನ್ನೆ ಹಳೇದನ್ನ ನೀಟಾಗಿ ಒರೆಸಿ, ಅದೇ ಜಾಗದಲ್ಲಿ ಬರ್ದೆ. ಕೂದಲೆಳೆಯಷ್ಟೂ ಆಚೀಚೆ ಹೋಗಿಲ್ಲ."

ಕ್ವಿಂಬಿ ಕನ್ನಡಕ ತೆಗೆದಳು.

"ಗೋರಿಗೊಂದು ಕಲ್ಲು ಹಾಕಿಸೋಷ್ಟು ಬರತ್ತಾ ಮೇಡಂ?" ವರ್ನಾ ಮೆಲ್ಲಗೆ ಕೇಳಿದಳು.

"ನಿನ್ನೆ ಬೆಳಿಗ್ಗೆ ತಂದಿದ್ರೆ ಕಲ್ಲಿನ ಜೊತೆ ಸುತ್ತ ಕಬ್ಬಿಣದ ಬೇಲೀನೂ ಬರ್ತಿತ್ತು. ಆ ಮಾಸಿದ ಅಕ್ಷರಾನೇ ಆಟದ ಸಾಕ್ಷಿ ಕಣಮ್ಮ. ಈಗ ಇದು ನಿಮ್ಮ ಯಜಮಾನ್ರ ಬರಹ ಇರೋ ಹಳೇ ಚರ್ಮ, ಅಷ್ಟೆ."

ದಾರಿಯುದ್ದಕ್ಕೂ ವರ್ನಾ ಗಂಡನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬೈದಾದರೂ ಬಿಡಬಾರದೇ ಎಂದು ಹಾರ್ಲನ್ ಒಳಗೊಳಗೇ ಬೇಡಿಕೊಂಡ. ಮನೆಗೆ ಬಂದವಳೇ ಅವನ ಮುಂದೆ ಒಂದು ಹಲಗೆ ಇಟ್ಟಳು.

"ಬರಿ. ಲಿಯಾಂಡರ್ ಫಿಂಚ್."

ಬರೆದ.

"ಇವನ ಕಲ್ಲನ್ನು ಒರೆಸಿ ಹಾಕಿದವನು, ಭಾವ ಹಾರ್ಲನ್ ಪ್ರೂಯಿಟ್."

"ಗೋರಿ ಮೇಲೆ ನನ್ನ ಹೆಸರಾ? ಊರೋರು ಏನಂತಾರೆ?"

"ಓದ್ತಾರೆ. ದೊಡ್ಡದಾಗಿ ಬರಿ."

ಅಪರಾಧಿ ತನ್ನ ತೀರ್ಪನ್ನು ತಾನೇ ಬರೆದ, ಅದೂ ಒಂದೊಂದು ಅಕ್ಷರಕ್ಕೂ ನೆರಳು ಕೊಟ್ಟು. ಹಾಳಾದ ಕೈ, ಅಂದವಾಗಿ ಬರೆಯದೆ ಇರಲಾರದು!

ಭಾನುವಾರ ಹಲಗೆ ನೆಟ್ಟರು. ಜನ ಗುಂಪುಗೂಡಿ ಓದಿದರು. ಪಾದ್ರಿ ಗಂಟಲು ಸರಿಪಡಿಸಿಕೊಂಡು ವರ್ನಾಳ ಹತ್ತಿರ ಬಂದ.

"ನೋಡಮ್ಮ, ಬದುಕಿರೋರ ಹೆಸರನ್ನ ಹೀಗೆಲ್ಲ ಇಲ್ಲಿ ಹಾಕೋ ಪದ್ಧತಿ ಇಲ್ಲ."

ವರ್ನಾ ಪಕ್ಕದಲ್ಲಿದ್ದ ಗಂಡನತ್ತ ತಿರುಗಿಯೂ ನೋಡಲಿಲ್ಲ.

"ಅವನು ಬದುಕಿದಾನೆ ಅಂತ ನಿಮಗ್ಯಾರು ಹೇಳಿದ್ದು?"